ಬೋರ್ಡಿಗೆ ಮಸಿ ಬಳಿದಾಯ್ತು, ಇನ್ನು ಲೆಕ್ಕದ ಪುಸ್ತಕ ಬಿಚ್ಚಿಸಿ



ನಿಮ್ಮ ಬಡಾವಣೆಯಲ್ಲಿ ಅರ್ಧಕ್ಕೆ ನಿಂತ ಸರ್ಕಾರಿ ಕಟ್ಟಡ ಒಂದಾದರೂ ಇದ್ದೇ ಇರುತ್ತದೆ. ಸಮುದಾಯ ಭವನವೋ, ಹೆರಿಗೆ ಆಸ್ಪತ್ರೆಯೋ, ವಾರ್ಡ್ ಆಫೀಸೋ, ಏನೋ ಒಂದು. ಕಂಬಗಳ ತಲೆಯ ಮೇಲೆ ಕಂಬಿಗಳು ತುಕ್ಕು ಹಿಡಿದು ಆಕಾಶ ನೋಡುತ್ತಿರುತ್ತವೆ. ಒಳಗೆ ಬಿಯರ್ ಬಾಟಲು, ನಾಯಿ, ಮಳೆ ನೀರು. ಎದುರಿಗೆ ಶಂಕುಸ್ಥಾಪನೆಯ ಗ್ರಾನೈಟ್ ಕಲ್ಲು ಮಾತ್ರ ಇನ್ನೂ ಫಳಫಳ ಹೊಳೆಯುತ್ತಿರುತ್ತದೆ. ಮಂತ್ರಿಗಳು, ಶಾಸಕರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ ಕೊಟ್ಟವರು, ಎಲ್ಲರ ಹೆಸರೂ ಚಿನ್ನದ ಬಣ್ಣದಲ್ಲಿ. ಅಲ್ಲಿ ಇಲ್ಲದಿರುವುದು ಎರಡೇ ಸಂಗತಿ. ಒಟ್ಟು ಎಷ್ಟು ದುಡ್ಡು? ಯಾವತ್ತಿಗೆ ಮುಗಿಯಬೇಕು?

ಆ ಕಲ್ಲು ಅಚ್ಚ ಕನ್ನಡದಲ್ಲಿದೆ. ಅದನ್ನು ಕಂಡು ನಾವು ಎದೆಯುಬ್ಬಿಸಿ ಮುಂದೆ ಹೋಗುತ್ತೇವೆ. ಮೋಸ ಹೋಗುತ್ತಿರುವುದು ಇಲ್ಲೇ.

ನಮ್ಮವರದೇ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಬೇರೆಯವರನ್ನು ಬೈಯುವುದಕ್ಕೆ ಆಮೇಲೆ ಬೇಕಾದಷ್ಟು ಜಾಗವಿದೆ. 2017ರಲ್ಲಿ ಮೆಟ್ರೊ ನಿಲ್ದಾಣಗಳ ಹಿಂದಿ ಬೋರ್ಡಿನ ವಿರುದ್ಧ ಬೀದಿಗಿಳಿದೆವು. ಗೆದ್ದೆವು. 2023ರ ಡಿಸೆಂಬರಿನಲ್ಲಿ ಅಂಗಡಿಗಳ ನಾಮಫಲಕದ ಮೇಲೆ ಶೇಕಡ 60 ಕನ್ನಡ ಇರಬೇಕೆಂದು ಮತ್ತೆ ಬೀದಿಗಿಳಿದೆವು. ಲಾಠಿ ತಿಂದವರಿದ್ದಾರೆ, ಜೈಲಿಗೆ ಹೋದವರಿದ್ದಾರೆ. 2024ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಆಯಿತು. ಇದರಲ್ಲಿ ಯಾವುದೂ ಸಣ್ಣ ಕೆಲಸವಲ್ಲ. ಆದರೆ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅದೇ ಮೆಟ್ರೊದ ಮೊದಲ ಹಂತಕ್ಕೆ 2006ರಲ್ಲಿ ಹಾಕಿದ ಲೆಕ್ಕ 6,395 ಕೋಟಿ. 2017ರಲ್ಲಿ ಪೂರ್ತಿಯಾದಾಗ ಅದು 13,800 ಕೋಟಿ ದಾಟಿತ್ತು. ದಾರಿ 33 ಕಿಲೋಮೀಟರಿನಿಂದ 42 ಕಿಲೋಮೀಟರಿಗೆ ಬೆಳೆದಿತ್ತು, ಒಪ್ಪೋಣ. ದಾರಿ ಕಾಲು ಪಾಲು ಬೆಳೆದರೆ ಖರ್ಚು ದುಪ್ಪಟ್ಟಾಗುವುದು ಹೇಗೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು? ಬೋರ್ಡಿನ ಮೇಲಿದ್ದ ಮೂರನೆಯ ಭಾಷೆ ನಮ್ಮ ಕಣ್ಣಿಗೆ ಬಿತ್ತು. ಬೋರ್ಡಿನ ಹಿಂದಿದ್ದ ಸಾವಿರಾರು ಕೋಟಿ ಬೀಳಲಿಲ್ಲ.

ಯಾಕೆ ಬೀಳಲಿಲ್ಲ ಎಂದರೆ ಆ ಲೆಕ್ಕ ನಮ್ಮ ಭಾಷೆಯಲ್ಲಿ ಇರಲಿಲ್ಲ.

ಈಜಿಪುರಕ್ಕೆ ಬನ್ನಿ. ಕೋರಮಂಗಲದ ನೂರಡಿ ರಸ್ತೆಯ ಮೇಲೆ, ಈಜಿಪುರದಿಂದ ಕೇಂದ್ರೀಯ ಸದನದವರೆಗೆ ಸುಮಾರು ಎರಡೂವರೆ ಕಿಲೋಮೀಟರಿನ ಮೇಲ್ಸೇತುವೆ. 2017ರಲ್ಲಿ ಕೆಲಸ ಶುರು. ಗುತ್ತಿಗೆ ಸುಮಾರು 203 ಕೋಟಿಗೆ. 2019ರ ಕೊನೆಗೆ ಮುಗಿಯಬೇಕಿತ್ತು. 2022ರ ಮಾರ್ಚಿನಲ್ಲಿ ಕಂಪನಿಯ ಗುತ್ತಿಗೆಯನ್ನೇ ರದ್ದು ಮಾಡಿದರು. ಆಗ ಆಗಿದ್ದ ಕೆಲಸ ಹೆಚ್ಚುಕಡಿಮೆ ಅರ್ಧ. ಮತ್ತೆ ಟೆಂಡರು, ಮತ್ತೆ ಟೆಂಡರು. 2023ರಲ್ಲಿ ಉಳಿದ ಕೆಲಸಕ್ಕೆ ಇನ್ನೊಂದು ಕಂಪನಿ ಬಂತು, ಸುಮಾರು 176 ಕೋಟಿಗೆ. ಮೊದಲ ಗುತ್ತಿಗೆಯ ಅರ್ಧವೆಂದರೆ ನೂರು ಚಿಲ್ಲರೆ ಕೋಟಿ. ಉಳಿದರ್ಧಕ್ಕೆ ನೂರಾ ಎಪ್ಪತ್ತಾರು! ನಡುವೆ ಹೋದ ಎಪ್ಪತ್ತು ಚಿಲ್ಲರೆ ಕೋಟಿ ಯಾವ ಪಕ್ಷದ್ದೂ ಅಲ್ಲ, ಯಾವ ಇಂಜಿನಿಯರಿನದ್ದೂ ಅಲ್ಲ. ನೀವು ಕಟ್ಟಿದ ಮನೆ ಕಂದಾಯ, ನಿಮ್ಮ ಅಪ್ಪ ಹೊಸ ಸ್ಕೂಟರಿಗೆ ಕಟ್ಟಿದ ತೆರಿಗೆ. 2025ರಲ್ಲೂ ಅಲ್ಲಿ ಕೆಲಸ ನಡೆಯುತ್ತಲೇ ಇತ್ತು. ಆ ಕಂಬಗಳ ಕೆಳಗೆ ಅಂಗಡಿ ಇಟ್ಟವರು ಎಷ್ಟು ವರ್ಷ ಧೂಳು ತಿಂದರು ಎಂಬುದಕ್ಕೆ ಯಾವ ಬಿಲ್ಲೂ ಇಲ್ಲ.

ಈಗ ವಿಧಾನಸೌಧವನ್ನು ನೆನಪು ಮಾಡಿಕೊಳ್ಳಿ. ಶಂಕುಸ್ಥಾಪನೆ 1951ರಲ್ಲಿ, ಮುಗಿದದ್ದು 1956ರಲ್ಲಿ. ಕಲ್ಲನ್ನು ಕೈಯಲ್ಲಿ ಕೆತ್ತಿ ಕೂರಿಸಿದ ಕಾಲ ಅದು. ಆ ಕಟ್ಟಡವೂ ಮೊದಲ ಲೆಕ್ಕವನ್ನು ಮೀರಿತ್ತು, ಸುಳ್ಳು ಹೇಳುವುದು ಬೇಡ. ಕೆಂಗಲ್ ಹನುಮಂತಯ್ಯನವರ ಮೇಲೆ ದೊಡ್ಡ ಗಲಾಟೆಯೇ ಆಯಿತು, ಖರ್ಚಿನ ತನಿಖೆಗೆ ಸಮಿತಿಯೂ ಕೂತಿತು. ಆದರೆ ಐದು ವರ್ಷದಲ್ಲಿ ಕಟ್ಟಡ ಎದ್ದು ನಿಂತಿತು, ಕೇಳಿದವರಿಗೆ ಲೆಕ್ಕ ಕೊಡಬೇಕಾಗಿಯೂ ಬಂತು. ಈಜಿಪುರದಲ್ಲಿ ಅದೇ ಐದು ವರ್ಷದಲ್ಲಿ ಅರ್ಧ ಸೇತುವೆ. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದ್ದಾರೆ. ದೇವರು ಪುಣ್ಯಾತ್ಮ, ಅವನಿಗೂ ಬಿಲ್ಲು ಪಾಸಾಗುವುದು ತಡವಾಗುತ್ತಿದೆಯೋ ಏನೋ!

ತಡ ಯಾಕಾಗುತ್ತದೆ ಎಂಬುದು ಬ್ರಹ್ಮರಹಸ್ಯವೇನಲ್ಲ. ಜಾಗ ಕೈಗೆ ಬರುವ ಮೊದಲೇ ಗುದ್ದಲಿ ಪೂಜೆ, ಯಾಕೆಂದರೆ ಚುನಾವಣೆ ಹತ್ತಿರ ಬಂದಿರುತ್ತದೆ. ಅಗೆದ ಮೇಲೆ ಕೆಳಗೆ ಜಲಮಂಡಳಿಯ ಪೈಪು, ಬೆಸ್ಕಾಂ ಕೇಬಲ್ಲು. ಅದು ಎಲ್ಲಿದೆ ಎಂಬ ನಕ್ಷೆ ಇವರ ಹತ್ತಿರವೂ ಇಲ್ಲ, ಅವರ ಹತ್ತಿರವೂ ಇಲ್ಲ. ಮರ ಕಡಿಯಲು ಅನುಮತಿ ಬಂದಿಲ್ಲ. ರೈಲ್ವೆಯವರು ಒಪ್ಪಿಲ್ಲ. ಓಕಳಿಪುರದ ಎಂಟು ಪಥದ ರಸ್ತೆ ರೈಲು ಹಳಿಯ ಕೆಳಗೆ ವರ್ಷಗಟ್ಟಲೆ ಸಿಕ್ಕಿಕೊಂಡಿದ್ದು ನಿಮಗೆ ಗೊತ್ತೇ ಇದೆ. ಶಿವಾನಂದ ವೃತ್ತದ ಉಕ್ಕಿನ ಸೇತುವೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. 2017ರಲ್ಲಿ ಶುರುವಾದದ್ದು, ಮೇಲೆ ವಾಹನ ಓಡಿದ್ದು 2022ರ ಆಗಸ್ಟಿನಲ್ಲಿ.

ದುಡ್ಡು ಹೇಗೆ ಉಬ್ಬುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಡಿಮೆ ಬೆಲೆ ಹೇಳಿದವನಿಗೆ ಟೆಂಡರು ಎಂಬುದು ನಿಯಮ. ಅವನು ಕಡಿಮೆ ಹೇಳುತ್ತಾನೆ. ಪಾಯ ತೋಡಿದ ಮೇಲೆ ‘ಬಂಡೆ ಬಂತು’ ಎನ್ನುತ್ತಾನೆ, ‘ನೀರು ಬಂತು’ ಎನ್ನುತ್ತಾನೆ, ‘ಡಿಸೈನ್ ಬದಲಾಯಿತು’ ಎನ್ನುತ್ತಾನೆ. ಹೆಚ್ಚುವರಿ ಕೆಲಸ, ಪರಿಷ್ಕೃತ ಅಂದಾಜು. ತಡವಾದರೆ ದಿನಕ್ಕಿಷ್ಟು ದಂಡ ಎಂದು ಕರಾರಿನಲ್ಲಿ ಬರೆದಿರುತ್ತದೆ. ಆದರೆ ‘ಕಾಲಾವಧಿ ವಿಸ್ತರಣೆ’ ಎಂಬ ಒಂದು ಹಾಳೆಗೆ ಸಹಿ ಬಿದ್ದರೆ ದಂಡ ಮಾಯ. ಅವಧಿ ಬೆಳೆದಷ್ಟೂ ಸಿಮೆಂಟು, ಕಂಬಿ, ಡೀಸೆಲ್ ಬೆಲೆ ಏರಿತೆಂದು ಮತ್ತೆ ಮೇಲೆ ಕೊಡಬೇಕು. ಒಂದು ಲೆಕ್ಕ ಹಾಕಿ ನೋಡಿ. ಹತ್ತು ಕೋಟಿಯ ಕಟ್ಟಡ ಮೂರು ವರ್ಷ ತಡವಾಯಿತು, ಬೆಲೆ ವರ್ಷಕ್ಕೆ ನೂರಕ್ಕೆ ಎಂಟರಂತೆ ಏರಿತು ಎಂದುಕೊಳ್ಳೋಣ. ಒಂದು ಇಟ್ಟಿಗೆಯೂ ಹೆಚ್ಚಿಗೆ ಬೀಳದೆ ಅದು ಹನ್ನೆರಡೂವರೆ ಕೋಟಿ ದಾಟಿರುತ್ತದೆ. ಅಷ್ಟು ದಿನ ಆಫೀಸು ಬಾಡಿಗೆ ಮನೆಯಲ್ಲಿ ಕೂತಿದ್ದಕ್ಕೆ ಬಾಡಿಗೆ ಬೇರೆ.

ಕಂಟ್ರಾಕ್ಟರನ್ನು ಮಾತ್ರ ಕಳ್ಳ ಎಂದರೆ ಅನ್ಯಾಯವಾಗುತ್ತದೆ. ಕೆಲಸ ಮುಗಿಸಿ ಬಿಲ್ಲಿಗಾಗಿ ವರ್ಷಗಟ್ಟಲೆ ಮೆಟ್ಟಿಲು ಸವೆಸಿದ ಸಣ್ಣ ಕಂಟ್ರಾಕ್ಟರುಗಳು, ಅವರಲ್ಲಿ ನಮ್ಮ ಕನ್ನಡದ ಹುಡುಗರೇ ಹೆಚ್ಚು, ಬಡ್ಡಿ ಕಟ್ಟಲಾರದೆ ಕೆಲಸ ನಿಲ್ಲಿಸುತ್ತಾರೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವೇ ಶೇಕಡ 40 ಕಮಿಷನ್ ಕೇಳುತ್ತಾರೆಂದು ಪ್ರಧಾನಿಗೆ ಪತ್ರ ಬರೆಯಿತು. ಆ ಆರೋಪದ ತನಿಖೆಗೆ ಕೂತ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಸತ್ಯ ಎಷ್ಟೇ ಇರಲಿ, ಕೊಡುವವರೇ ಬಾಯಿ ಬಿಟ್ಟು ಹೇಳುವ ಸ್ಥಿತಿ ಬಂದಿತ್ತಲ್ಲ! ಇನ್ನು ‘ಹೊರ ರಾಜ್ಯದ ಕಂಪನಿ’ ಎಂದು ಕೂಗಾಡುವುದು ಸುಲಭ. ಷರತ್ತು ಬರೆದ ಕೈ, ಅಳತೆ ಬರೆದ ಕೈ, ವಿಸ್ತರಣೆಗೆ ಸಹಿ ಹಾಕಿದ ಕೈ ಎಲ್ಲವೂ ನಮ್ಮವರದೇ. ಸೈಟಿನಲ್ಲಿ ಸಿಮೆಂಟು ಹೊರುವ ಬಿಹಾರದ ಹುಡುಗನ ಮೇಲಂತೂ ದಯವಿಟ್ಟು ಸಿಟ್ಟು ತೀರಿಸಿಕೊಳ್ಳಬೇಡಿ. ಅವನ ಪಕ್ಕದಲ್ಲೇ ರಾಯಚೂರಿನ ಹೆಂಗಸು ಮಗುವನ್ನು ಸೀರೆಯ ಜೋಲಿಯಲ್ಲಿ ಮಲಗಿಸಿ ಜಲ್ಲಿ ಹೊರುತ್ತಿರುತ್ತಾಳೆ. ಇಬ್ಬರಿಗೂ ಕೂಲಿ ತಡ.

ಟೆಂಡರೇ ಇಲ್ಲದ ದಾರಿಯೂ ಒಂದಿದೆ. ಟೆಂಡರುಗಳು ಪಾರದರ್ಶಕವಾಗಿ ನಡೆಯಲೆಂದು ಕರ್ನಾಟಕ 1999ರಲ್ಲೇ ಒಂದು ಕಾಯ್ದೆ ಮಾಡಿತು. ಒಳ್ಳೆಯ ಕಾಯ್ದೆ. ಅದರಲ್ಲಿ 4(ಜಿ) ಎಂಬ ಒಂದು ಕಿಂಡಿ ಬಿಟ್ಟರು. ಸರ್ಕಾರ ಮನಸ್ಸು ಮಾಡಿದರೆ ಟೆಂಡರಿನಿಂದ ವಿನಾಯಿತಿ. ನಾವು ಹಿಂದೆ ಭೂಸೇನಾ ನಿಗಮ ಎನ್ನುತ್ತಿದ್ದ ಸಂಸ್ಥೆಗೆ ಆ ಕಿಂಡಿಯಿಂದಲೇ ನೇರವಾಗಿ ಕೆಲಸ ಹೋಗುತ್ತಿತ್ತು. ಇನ್ನೊಂದು ಉಪಾಯ ತುಂಡು ಗುತ್ತಿಗೆ, ಒಂದೇ ಕೆಲಸವನ್ನು ಮೀನು ಕತ್ತರಿಸಿದಂತೆ ಕತ್ತರಿಸುವುದು. ಕೇಳಬೇಕಾದವರು ಯಾರು? ಕಾರ್ಪೊರೇಟರು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯನ್ನೇ ಮುಚ್ಚಿ ಐದು ಪಾಲಿಕೆ ಮಾಡುವವರೆಗೂ ಚುನಾವಣೆ ನಡೆಸಲೇ ಇಲ್ಲ. ಐದು ವರ್ಷ ಸಾವಿರಾರು ಕೋಟಿಯನ್ನು ಅಧಿಕಾರಿಗಳೇ ಮಂಜೂರು ಮಾಡಿ, ಅಧಿಕಾರಿಗಳೇ ಖರ್ಚು ಮಾಡಿ, ಅಧಿಕಾರಿಗಳೇ ಸರಿ ಎಂದರು.

ಇಷ್ಟೆಲ್ಲದರ ಗುಟ್ಟು ಒಂದು ಪುಸ್ತಕದಲ್ಲಿರುತ್ತದೆ. ಅದರ ಹೆಸರು ಅಳತೆ ಪುಸ್ತಕ. ಇಂಜಿನಿಯರುಗಳು ‘ಎಂ.ಬಿ.’ ಎನ್ನುತ್ತಾರೆ. ನೀವು ಇದುವರೆಗೆ ಅದನ್ನು ನೋಡಿರಲಾರಿರಿ. ಸೈಟಿನಲ್ಲಿ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ, ಎಷ್ಟು ಕಂಬಿ ಎಂದು ಕಿರಿಯ ಇಂಜಿನಿಯರು ಅಳೆದು ಬರೆಯಬೇಕು, ಮೇಲಿನವರು ಮರು ಅಳತೆ ಮಾಡಿ ಸಹಿ ಹಾಕಬೇಕು. ಅದರ ಮೇಲೆ ಬಿಲ್ಲು, ಬಿಲ್ಲಿನ ಮೇಲೆ ಚೆಕ್ಕು. ಸಿಮೆಂಟು ಸುರಿದ ಮೇಲೆ ಒಳಗಿನ ಕಂಬಿ ಯಾರ ಕಣ್ಣಿಗೂ ಕಾಣುವುದಿಲ್ಲ. ಹದಿನಾರು ಎಂಎಂ ಹಾಕಿದರೋ ಹನ್ನೆರಡು ಹಾಕಿದರೋ, ಆಮೇಲೆ ಸಾಕ್ಷಿ ಹೇಳುವುದು ಆ ಪುಸ್ತಕ ಮಾತ್ರ. ರಸ್ತೆಗೂ ಅಷ್ಟೇ. ಕೆಳಗೆ ಜಲ್ಲಿ ಎಷ್ಟು ದಪ್ಪ ಹಾಸಿದ್ದಾರೆಂದು ಡಾಂಬರು ಬಿದ್ದ ಮೇಲೆ ಯಾರು ಬಗ್ಗಿ ನೋಡುತ್ತಾರೆ? ಸೈಟಿಗೇ ಹೋಗದೆ ಕುರ್ಚಿಯಲ್ಲಿ ಕೂತು ತುಂಬಿದ ಅಳತೆ ಪುಸ್ತಕಗಳ ಕಥೆಗಳು ಈ ಊರಿನಲ್ಲಿ ಬೇಕಾದಷ್ಟಿವೆ.

ನಮ್ಮ ಗುಂಪಿನ ಅನುಭವವನ್ನೇ ಹೇಳುತ್ತೇನೆ. ನಮ್ಮ ವಾರ್ಡಿನಲ್ಲಿ ಒಂದು ಸಣ್ಣ ಭವನ. ಕೆಳಗೆ ಅಂಗನವಾಡಿ, ಮೇಲೆ ಕನ್ನಡ ಗ್ರಂಥಾಲಯ ಎಂದು ಹೇಳಿದ್ದರು. ಹನ್ನೊಂದು ತಿಂಗಳ ಕೆಲಸ ನಾಲ್ಕನೇ ವರ್ಷಕ್ಕೆ ಕಾಲಿಟ್ಟಿತ್ತು. ಮಕ್ಕಳು ಒಂದು ತಗಡಿನ ಶೆಡ್ಡಿನಲ್ಲಿ ಕೂರುತ್ತಿದ್ದವು. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಟೀಚರಮ್ಮ ಮನೆಗೆ ಕಳಿಸಿಬಿಡುತ್ತಿದ್ದರು. ನಾವು ಐದಾರು ಹುಡುಗರು ಕನ್ನಡದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಬಂದ ಉತ್ತರ ಅರವತ್ತು ಚಿಲ್ಲರೆ ಹಾಳೆ, ಒಂದು ಅಕ್ಷರ ಕನ್ನಡವಿಲ್ಲ. ನಮ್ಮಲ್ಲಿ ಬಿ.ಕಾಂ. ಮಾಡಿದವನಿದ್ದ, ಡಿಪ್ಲೊಮಾ ಮಾಡಿದವನಿದ್ದ. ಯಾರಿಗೂ ತಲೆಬುಡ ತಿಳಿಯಲಿಲ್ಲ. ಕೊನೆಗೆ ಗಾರೆ ಕೆಲಸದ ಮೇಸ್ತ್ರಿಯೊಬ್ಬರನ್ನು ಹಿಡಿದೆವು. ಡಿಪ್ಲೊಮಾ ಹುಡುಗ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದ, ಮೇಸ್ತ್ರಿ ತಲೆಯಾಡಿಸುತ್ತಾ ಕೇಳಿದರು. ಒಂದು ಕಡೆ ನಿಲ್ಲಿಸಿ, ‘ಕಿಟಕಿ ಎಷ್ಟಂತೆ, ಇನ್ನೊಂದು ಸಲ ಹೇಳಪ್ಪ’ ಎಂದರು. ಹಾಳೆಯಲ್ಲಿ ಹದಿನಾಲ್ಕು. ಹೋಗಿ ಎಣಿಸಿದೆವು, ಹನ್ನೊಂದು. ಉಳಿದ ಮೂರು ಕಿಟಕಿಗೆ ದುಡ್ಡು ಹೋಗಿತ್ತು, ಗಾಳಿ ಬಂದಿರಲಿಲ್ಲ.

ಆಫೀಸಿಗೆ ಹೋಗಿ ಕೇಳಿದೆವು. ‘ಅದು ಟೆಕ್ನಿಕಲ್ ಮ್ಯಾಟರು, ನಿಮಗೆ ಅರ್ಥ ಆಗಲ್ಲ ಬಿಡ್ರಪ್ಪ’ ಎಂದರು. ಕಿಟಕಿ ಎಣಿಸುವುದು ಟೆಕ್ನಿಕಲ್ಲಂತೆ!

ಕನ್ನಡದಲ್ಲಿ ಈ ಕೆಲಸ ಆಗುವುದಿಲ್ಲ ಎನ್ನುವವರಿಗೆ ಒಂದು ಮಾತು. ಕಟ್ಟಡ ಕಟ್ಟುವವನ ಬಾಯಲ್ಲಿ ಪಾಯ ಇದೆ, ತೊಲೆ ಇದೆ, ಸಜ್ಜಾ ಇದೆ, ಗಾರೆ ಇದೆ, ರಸಮಟ್ಟ ಇದೆ. ಇಂಗ್ಲಿಷ್ ಪದ ಬೇಕಾದಲ್ಲಿ ಸೆಂಟ್ರಿಂಗು, ಪ್ಲಾಸ್ಟರಿಂಗು ಎಂದು ಕನ್ನಡ ಲಿಪಿಯಲ್ಲೇ ಬರೆಯಿರಿ, ಯಾರು ಬೇಡವೆಂದರು? ಶಬ್ದಕೋಶದವರು ಹುಟ್ಟಿಸಿದ ಬಾಯಿಗೆ ಬಾರದ ಸಂಸ್ಕೃತವೂ ನಮಗೆ ಬೇಡ, ಅದು ಇಂಗ್ಲಿಷಿನಷ್ಟೇ ದೊಡ್ಡ ಗೋಡೆ. ದೊಡ್ಡ ಟೆಂಡರನ್ನು ಕನ್ನಡದಲ್ಲಿ ಮಾತ್ರ ಕರೆದರೆ ಸ್ಪರ್ಧೆ ಕಡಿಮೆಯಾಗಿ ಬೆಲೆ ಏರಬಹುದು ಎಂಬ ಮಾತಿನಲ್ಲಿ ಹುರುಳಿದೆ. ಇಂಗ್ಲಿಷಿನಲ್ಲೂ ಕರೆಯಲಿ. ಆದರೆ ಕರಾರಿನ ಸಾರ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ, ಕೊಟ್ಟ ಬಿಲ್ಲು, ಅವಧಿ ವಿಸ್ತರಿಸಿದ ಕಾರಣ, ಇಷ್ಟು ಕನ್ನಡದಲ್ಲಿ ಇರಲೇಬೇಕು. ಕೆಲಸದ ಜಾಗದಲ್ಲಿ ಆಳೆತ್ತರದ ಬೋರ್ಡಿನಲ್ಲಿ ಮೊತ್ತ, ಕಂಟ್ರಾಕ್ಟರಿನ ಹೆಸರು, ಮುಗಿಯುವ ದಿನ. ದಿನ ಬದಲಾದರೆ ಹಳೆಯದನ್ನು ಅಳಿಸದೆ ಕೆಳಗೆ ಹೊಸದನ್ನು ಬರೆಯಲಿ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಕಳ್ಳಲೆಕ್ಕ ಒಳ್ಳೆಯ ಲೆಕ್ಕವಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಟೀ ಅಂಗಡಿಯವನೂ ಓದಬಲ್ಲ ಸುಳ್ಳನ್ನು ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ.

ಇದು ಕನಸಲ್ಲ, ನಡೆದ ಸಂಗತಿ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಲ್ಲಿ ಹಳ್ಳಿಗಳಲ್ಲಿ ಜನರ ಎದುರು ಸರ್ಕಾರಿ ಬಿಲ್ಲುಗಳನ್ನು ಗಟ್ಟಿಯಾಗಿ ಓದಲು ಶುರು ಮಾಡಿದರು. ಅಕ್ಷರ ಬಾರದವರೂ ತಮ್ಮ ಭಾಷೆಯಲ್ಲಿ ಕೇಳಿಸಿಕೊಂಡು, ಆಗದೇ ಇದ್ದ ಕೆಲಸಕ್ಕೆ, ತಮಗೆ ಬಾರದೇ ಇದ್ದ ಕೂಲಿಗೆ ಬಿಲ್ಲು ಆಗಿರುವುದನ್ನು ಅಲ್ಲೇ ಎದ್ದು ನಿಂತು ಹೇಳಿದರು. ಆ ಹೋರಾಟವೇ ಬೆಳೆದು 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕಿನ ಕಾಯ್ದೆ ಬಂತು. ಬರಗಾಲದ ಹಳ್ಳಿಯ ಕೂಲಿಯವಳು ಕೇಳಿದ ಪ್ರಶ್ನೆಯನ್ನು ಜಯನಗರದ, ರಾಜಾಜಿನಗರದ ಡಿಗ್ರಿ ಹುಡುಗ ಕೇಳುತ್ತಿಲ್ಲ. ನಾಚಿಕೆಯಾಗಬೇಕು ನಮಗೆ.

ಆ ಕಾಯ್ದೆಯಲ್ಲಿ ನಮಗೆ ಬೇಕಾದ ಅಸ್ತ್ರಗಳು ಮೂರಿವೆ. 6ನೇ ಕಲಮಿನ ಪ್ರಕಾರ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು, ಯಾಕೆ ಬೇಕು ಎಂದು ಅವರು ಕೇಳುವಂತಿಲ್ಲ. 2(ಜೆ) ಪ್ರಕಾರ ಹಾಳೆ ಮಾತ್ರವಲ್ಲ, ಕಾಮಗಾರಿಯನ್ನೇ ಹೋಗಿ ನೋಡುವ, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕಿದೆ. ಕಛೇರಿಗಳು ತಾವಾಗಿಯೇ ಪ್ರಕಟಿಸುವ ಮಾಹಿತಿಯಲ್ಲಿ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂದು 4(4)ರಲ್ಲಿ ಬರೆದೇ ಇದೆ. ನಾವು ಈ ಸಾಲನ್ನು ಹಿಡಿದು ಒಂದು ದಿನವೂ ಧರಣಿ ಕೂತಿಲ್ಲ! ಖರ್ಚು ಹತ್ತು ರೂಪಾಯಿ, ಒಂದು ಪೋಸ್ಟಲ್ ಆರ್ಡರು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ಬಾರದಿದ್ದರೆ ಮೇಲ್ಮನವಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ, ಗಲಾಟೆ ಮಾಡಬೇಡಿ, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ನಮ್ಮ ಭವನದ ಮಾತು ಅರ್ಧಕ್ಕೇ ಬಿಟ್ಟೆ. ಎರಡನೇ ಸಲ ಅರ್ಜಿ ಹಾಕಿ, ಟೇಪು ಹಿಡಿದು ಮೇಸ್ತ್ರಿಯೊಂದಿಗೆ ಸೈಟಿಗೇ ಹೋದೆವು. ಮೂರು ವಾರದ ಮೇಲೆ ಗೋಡೆ ಒಡೆದು ಎರಡು ಕಿಟಕಿ ಇಟ್ಟರು. ಮೂರನೆಯದರ ಬಗ್ಗೆ ಮೇಲ್ಮನವಿ ಇನ್ನೂ ನಡೆಯುತ್ತಿದೆ. ಅಂಗನವಾಡಿ ಕೆಳಗಿನ ಮನೆಗೆ ಬಂದಿದೆ. ಗ್ರಂಥಾಲಯಕ್ಕೆ ಮೆಟ್ಟಿಲೇ ಇಲ್ಲ.

ನಾವು ಹಾಕಿದ ಅರ್ಜಿಯ ಒಕ್ಕಣೆ ಕೆಳಗಿದೆ. ಕತ್ತರಿಸಿ ಇಟ್ಟುಕೊಳ್ಳಿ, ಖಾಲಿ ಜಾಗ ತುಂಬಿ.

‘ಇವರಿಗೆ: ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಕಾರ್ಯಪಾಲಕ ಇಂಜಿನಿಯರ್ ಕಛೇರಿ, .......... ನಗರ ಪಾಲಿಕೆ. ಮಾನ್ಯರೇ, .......... ವಾರ್ಡಿನ .......... ಕಟ್ಟಡ ಕಾಮಗಾರಿಗೆ ಸಂಬಂಧಿಸಿದಂತೆ ಅಂದಾಜು ಪಟ್ಟಿ, ಕಾರ್ಯಾದೇಶ, ಕರಾರು ಪತ್ರ, ಇದುವರೆಗಿನ ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲುಗಳು ಮತ್ತು ಕಾಲಾವಧಿ ವಿಸ್ತರಿಸಿದ ಆದೇಶಗಳ ದೃಢೀಕೃತ ಪ್ರತಿಗಳನ್ನು ಕೊಡಬೇಕು. ಕನ್ನಡದಲ್ಲಿರುವ ಪ್ರತಿಗಳಿದ್ದರೆ ಅವನ್ನೇ ಕೊಡಬೇಕು. ಕಲಂ 2(ಜೆ) ಅಡಿಯಲ್ಲಿ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸಲು ದಿನ ಮತ್ತು ಸಮಯ ಗೊತ್ತುಪಡಿಸಿ ಕನ್ನಡದಲ್ಲಿ ತಿಳಿಸಬೇಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ಇಂತಿ, ..........’